ಮೊದಲು ಕೆಳಗೆ ಹಾಕಿ ಮಾರಾಯ್ರೆ

ಕುದುರೆಮುಖದ ತುದಿಯಿಂದ ಇಳಿಯುತ್ತಿದ್ದೆವು. ಅಕ್ಟೋಬರ್ ಮೊದಲ ವಾರ. ಬೆಳಿಗ್ಗೆ ಹತ್ತುವಾಗ ಆಕಾಶ ತೊಳೆದಿಟ್ಟ ಹಾಗಿತ್ತು. ಮಧ್ಯಾಹ್ನ ಎರಡೂವರೆಗೆ ಹುಲ್ಲುಗುಡ್ಡದ ಮೇಲೆ ಮಂಜು ಕವಿಯಿತು, ಅದರ ಹಿಂದೆಯೇ ಮಳೆ. ಜಾರುವ ಮಣ್ಣಿನಲ್ಲಿ ಗೆಳೆಯನ ಪಾದ ಉಳುಕಿತು. ಒಂದು ಹೆಜ್ಜೆ ಇಡಲೂ ಅವನಿಂದ ಆಗಲಿಲ್ಲ. ಜೊತೆಗಿದ್ದ ಹುಡುಗ ಊರಿನಿಂದ ಜನ ಕರೆತರುತ್ತೇನೆಂದು ಕೆಳಗೆ ಓಡಿದ. ನಾವು ಮೂವರು ಮತ್ತು ವಯಸ್ಸಾದ ಗೈಡ್ ಒಬ್ಬರು ಕಾಯುತ್ತಾ ಕುಳಿತೆವು. ಮೂರು ಗಂಟೆ.

ನನ್ನ ಬ್ಯಾಗಿನಲ್ಲಿ ಬೆಳ್ಳಿ ಬಣ್ಣದ ಎಮರ್ಜೆನ್ಸಿ ಬ್ಲಾಂಕೆಟ್ ಇತ್ತು. ಆನ್‌ಲೈನ್‌ನಲ್ಲಿ ತರಿಸಿದ್ದು. ಪೊಟ್ಟಣದ ಮೇಲೆ ಗಗನಯಾತ್ರಿಯ ಚಿತ್ರ. ಸ್ವಲ್ಪ ಜಂಬದಿಂದಲೇ ಬಿಚ್ಚಿದೆ. ಗಾಳಿಗೆ ಅದು ಪಟಪಟ ಬಡಿದುಕೊಂಡಿತು, ಹತ್ತೇ ನಿಮಿಷದಲ್ಲಿ ಮೂಲೆಯಿಂದ ಸೀಳಿಕೊಂಡು ನಡುವಿನವರೆಗೆ ಬಂತು. ಗೈಡ್ ಏನೂ ಹೇಳಲಿಲ್ಲ. ಅವರ ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಇತ್ತು. ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತುರುಕಿ ಮಾಡುತ್ತಾರಲ್ಲ, ಅದೇ. ಇನ್ನೆರಡು ಖಾಲಿ ಚೀಲಗಳನ್ನು ಕಂಕುಳಿಂದ ತೆಗೆದು ಕೊಟ್ಟರು. ನಾನು ಅದನ್ನು ಗೆಳೆಯನ ಹೆಗಲಿಗೆ ಹೊದೆಸಲು ಹೋದೆ. ಆಗ ಅವರು ಅಂದದ್ದು: "ಮೊದಲು ಕೆಳಗೆ ಹಾಕಿ ಮಾರಾಯ್ರೆ. ಮೇಲಿನದ್ದು ಆಮೇಲೆ ನೋಡುವ."

ಆ ಒಂದು ಮಾತಿನಲ್ಲಿ ಎಷ್ಟು ಭೌತಶಾಸ್ತ್ರ ಇದೆ ಅಂತ ಉಡುಪಿಗೆ ವಾಪಸ್ ಬಂದು, ಬಿಸಿ ನೀರು ಮಿಂದು, ಗಂಜಿ ಕುಡಿದ ಮೇಲೆ ಯೋಚನೆ ಮಾಡಿದೆ.

ಸುಮ್ನೆ ಕುಳಿತ ಮನುಷ್ಯ ಸುಮಾರು 100 ವ್ಯಾಟ್ ಶಾಖ ಹೊರಗೆ ಬಿಡುತ್ತಾನೆ. ಹಳೆಯ ಕಾಲದ ಒಂದು ಹಳದಿ ಬಲ್ಬಿನಷ್ಟು. ಎಮರ್ಜೆನ್ಸಿ ಸೂರು ಅಂತ ಏನೇ ಕೊಂಡರೂ ಅದರೊಳಗೆ ಬೇರೆ ಒಲೆ ಇರುವುದಿಲ್ಲ. ಇರುವುದು ಇದೊಂದೇ ಬಲ್ಬು. ಈ ಶಾಖ ನಾಲ್ಕು ದಾರಿಯಲ್ಲಿ ಹೊರಗೆ ಹೋಗುತ್ತದೆ: ತಣ್ಣಗಿನ ನೆಲ ಮುಟ್ಟಿದರೆ ನೆಲಕ್ಕೆ, ಗಾಳಿ ಬೀಸಿದರೆ ಗಾಳಿಗೆ, ನೀರು ಆವಿಯಾದರೆ ಆವಿಯ ಜೊತೆ, ಮತ್ತೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವಾಗಿ. ಬೆಳ್ಳಿ ಹಾಳೆ ತಡೆಯುವುದು ಮುಖ್ಯವಾಗಿ ಕೊನೆಯದನ್ನು. ನಮ್ಮ ಘಟ್ಟದಲ್ಲಿ ಹೆಚ್ಚು ಶಾಖ ಕದಿಯುವುದು ಮೊದಲ ಮೂರು.

"ನಮ್ಮಲ್ಲಿ ಎಂಥ ಚಳಿ?" ಅಂತ ಕರಾವಳಿಯವರು ಕೇಳುತ್ತಾರೆ. ಸರಿಯೇ. ಮಂಗಳೂರಿನಲ್ಲಿ ಮಳೆ ಬರುವಾಗಲೂ ಬೆವರುತ್ತೇವೆ. ಆದರೆ ಸಾವಿರ ಮೀಟರ್ ಮೇಲೆ ಹೋದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕುದುರೆಮುಖದ ತುದಿ ಸುಮಾರು 1,890 ಮೀಟರ್. ಕೆಳಗೆ 28 ಡಿಗ್ರಿ ಇದ್ದರೆ ಅಲ್ಲಿ 16 ಆಸುಪಾಸು. ಒಣ ಬಟ್ಟೆಯಲ್ಲಿ 16 ಡಿಗ್ರಿ ಹಿತವೇ. ಒದ್ದೆ ಬಟ್ಟೆಯಲ್ಲಿ, ಅರಬ್ಬೀ ಸಮುದ್ರದಿಂದ ನೇರ ಬರುವ ಗಾಳಿಗೆ ಮೈ ಕೊಟ್ಟು ಕುಳಿತರೆ ಅದೇ 16 ಡಿಗ್ರಿ ಬೇರೆಯೇ ಮುಖ ತೋರಿಸುತ್ತದೆ. ದೇಹದ ಒಳಗಿನ ಉಷ್ಣತೆ 37ರಿಂದ 35ಕ್ಕಿಂತ ಕೆಳಗೆ ಬಂದರೆ ಅದನ್ನು ಹೈಪೋಥರ್ಮಿಯಾ ಅನ್ನುತ್ತಾರೆ. ಅದಕ್ಕೆ ಹಿಮವೇ ಬೇಕೆಂದಿಲ್ಲ.

ಮನೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ. ಅವತ್ತು ಹಾಕಿಕೊಂಡಿದ್ದ ಹತ್ತಿ ಟೀ ಶರ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. ಒಣಗಿದ್ದಾಗ 190 ಗ್ರಾಂ. ಬಕೆಟ್ಟಿನಲ್ಲಿ ಅದ್ದಿ, ಹನಿ ಬೀಳುವುದು ನಿಲ್ಲುವ ತನಕ ನೇತುಹಾಕಿ, ಮತ್ತೆ ತೂಗಿದೆ. 490 ಗ್ರಾಂ. ಅಂದರೆ ಮೈಮೇಲೆ 300 ಗ್ರಾಂ ನೀರು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಬೇಕು. 300 ಗ್ರಾಂಗೆ 7,20,000 ಜೂಲ್. ನಮ್ಮ 100 ವ್ಯಾಟ್ ಬಲ್ಬಿನ ಲೆಕ್ಕದಲ್ಲಿ ಭರ್ತಿ ಎರಡು ಗಂಟೆಯ ದುಡಿಮೆ, ಒಂದು ಅಂಗಿ ಒಣಗಿಸಲಿಕ್ಕೆ! ಅದರ ಒಂದು ಪಾಲು ಸುತ್ತಲಿನ ಗಾಳಿಯಿಂದಲೂ ಬರುತ್ತದೆ ಅನ್ನಿ. ಆದರೂ ಖರ್ಚು ದೊಡ್ಡದೇ. ಪ್ಯಾಂಟು, ಸಾಕ್ಸು ನಾನು ತೂಗಲಿಲ್ಲ.

ಇನ್ನು ನೆಲ. ನೀರು ನಿಂತ ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಒದ್ದೆ ಹುಲ್ಲು, ಒದ್ದೆ ಮಣ್ಣು, ಮೇಲೆ ಒದ್ದೆ ಪ್ಯಾಂಟು. ಅಲ್ಲಿ ಕುಳಿತವನ ಶಾಖವನ್ನು ಬೆಟ್ಟ ಹೀರುತ್ತಲೇ ಇರುತ್ತದೆ, ಬೆಟ್ಟಕ್ಕೆ ಸಾಕು ಅನ್ನುವುದೇ ಇಲ್ಲ. ಗೈಡ್ ಎರಡು ಚೀಲಗಳನ್ನು ಮಡಚಿ, ಒಳಗೆ ಒಂದಷ್ಟು ಹುಲ್ಲು ತುರುಕಿ, ಗೆಳೆಯನ ಕೆಳಗೆ ಹಾಕಿಸಿದ್ದು ಇದಕ್ಕೇ. ಹುಲ್ಲಿನ ನಡುವೆ ಸಿಕ್ಕಿಕೊಂಡ ಗಾಳಿಯೇ ಅಲ್ಲಿ ಹಾಸಿಗೆ.

ಬೆಳ್ಳಿ ಹಾಳೆಯನ್ನು ಪೂರ್ತಿ ಬೈಯುವುದು ತಪ್ಪು. ಅದರ ಕಥೆ ಚೆನ್ನಾಗಿದೆ. ತೆಳ್ಳನೆಯ ಪಾಲಿಯೆಸ್ಟರ್ ಹಾಳೆಗೆ ಅಲ್ಯೂಮಿನಿಯಂ ಆವಿ ಹಿಡಿಸಿ ಮಾಡುವ ಈ ವಸ್ತುವನ್ನು ನಾಸಾ 1964ರಲ್ಲಿ ಬಾಹ್ಯಾಕಾಶದ ಕೆಲಸಕ್ಕೆಂದು ಅಭಿವೃದ್ಧಿಪಡಿಸಿತು. 1973ರ ಮೇ ತಿಂಗಳಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಹಾರಿದಾಗ ಅದರ ಹೊರಗಿನ ರಕ್ಷಾಕವಚ ಕಿತ್ತುಹೋಯಿತು, ಬಿಸಿಲಿಗೆ ಒಳಗೆಲ್ಲ ಕಾದ ಕಾವಲಿಯಂತಾಯಿತು. ಗಗನಯಾತ್ರಿಗಳು ಹೋಗಿ, ಸಣ್ಣ ಕಿಂಡಿಯೊಂದರಿಂದ ಇಂಥದೇ ಬಟ್ಟೆಯ ಛತ್ರಿಯನ್ನು ಹೊರಗೆ ತೂರಿಸಿ ಬಿಡಿಸಿದರು. ಹೌದು, ಕೊಡೆಯೇ. ಒಳಗೆ ತಂಪಾಯಿತು. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ಮಳೆ ಇಲ್ಲ, ಒದ್ದೆ ನೆಲ ಇಲ್ಲ. ಶಾಖ ಬರುವುದೂ ಹೋಗುವುದೂ ಕಿರಣದ ರೂಪದಲ್ಲೇ. ಅಲ್ಲಿ ಈ ಕನ್ನಡಿ ರಾಜ.

ಕುದುರೆಮುಖದಲ್ಲಿ ಈ ಕನ್ನಡಿಗೆ ಕಣ್ಣೇ ಕಾಣುವುದಿಲ್ಲ. ಯಾಕೆ ಅಂತ ನೋಡಬೇಕಾದರೆ ಹಾಳೆಯನ್ನು ಸುತ್ತಿಕೊಂಡು ಅರ್ಧ ಗಂಟೆ ಕುಳಿತು, ಆಮೇಲೆ ಒಳಮೈ ಮುಟ್ಟಿ ನೋಡಿ. ಇಡ್ಲಿ ಅಟ್ಟದ ಮುಚ್ಚಳದ ಹಾಗೆ ಹನಿ ಕಟ್ಟಿರುತ್ತದೆ. ಸುಮ್ನೆ ಕುಳಿತರೂ ಚರ್ಮದಿಂದ, ಉಸಿರಿನಿಂದ ದಿನಕ್ಕೆ ಮುಕ್ಕಾಲು ಲೀಟರ್ ಆಸುಪಾಸು ನೀರು ಹೋಗುತ್ತಿರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಆ ಆವಿಗೆ ಹೊರಗೆ ದಾರಿ ಇಲ್ಲ. ತಣ್ಣಗಿನ ಹಾಳೆ ಮುಟ್ಟಿದ ಕೂಡಲೇ ನೀರಾಗುತ್ತದೆ. ನೀರಿನ ಪದರ ತೆಳ್ಳಗಿದ್ದರೂ ಇನ್‌ಫ್ರಾರೆಡ್ ಕಿರಣದ ಬಹುಪಾಲನ್ನು ಅದು ಹೀರಿಕೊಳ್ಳುತ್ತದೆ. ಕನ್ನಡಿಯ ತನಕ ಹೆಚ್ಚು ಕಿರಣ ಮುಟ್ಟುವುದೇ ಇಲ್ಲ. ಹಾಳೆ ಮೈಗೆ ಅಂಟಿಕೊಂಡರೂ ಅಷ್ಟೇ ಕಥೆ, ನಡುವೆ ಗಾಳಿಯ ತೆರಪು ಇಲ್ಲದಿದ್ದರೆ ಶಾಖ ನೇರ ಹಾಳೆಗೆ ದಾಟುತ್ತದೆ. ಹಾಗಂತ ಅದು ದಂಡ ಅಲ್ಲ. 50-60 ಗ್ರಾಂ ತೂಕ, ಗಾಳಿ ತಡೆಯುತ್ತದೆ, ದೂರದಿಂದ ಮಿಂಚುತ್ತದೆ. ಬ್ಯಾಗಿನ ಮೂಲೆಯಲ್ಲಿರಲಿ. ಅದೊಂದನ್ನೇ ನಂಬಿ ಘಟ್ಟ ಹತ್ತಬೇಡಿ, ಅಷ್ಟೆ. ಕೊಳ್ಳುವುದಾದರೆ ಬಿಡಿ ಹಾಳೆಗಿಂತ ಅದೇ ವಸ್ತುವಿನ ಚೀಲ ವಾಸಿ. ಒಳಗೆ ನುಗ್ಗಿ ಕುಳಿತರೆ ಗಾಳಿ ಎತ್ತಿಕೊಂಡು ಹೋಗುವುದಿಲ್ಲ.

ನಮ್ಮ ಹಿರಿಯರಿಗೆ ಈ ಆವಿಯ ತಾಪತ್ರಯ ಗೊತ್ತಿತ್ತು ಅನ್ನಿಸುತ್ತದೆ. ನೇಜಿ, ಅಂದರೆ ಭತ್ತದ ಸಸಿ, ನೆಡುವ ಹೆಂಗಸರು ತಲೆಯಿಂದ ಸೊಂಟದ ತನಕ ಹಾಕಿಕೊಳ್ಳುತ್ತಿದ್ದ ಗೊರಬೆ ನೆನಪಿದೆಯಾ? ಬಿದಿರಿನ ಕಡ್ಡಿಯ ಹೆಣಿಗೆ, ನಡುವೆ ಎಲೆಯ ಪದರ, ದೋಣಿ ಕವುಚಿದಂಥ ಆಕಾರ. ಬಗ್ಗಿದ ಬೆನ್ನಿಗೂ ಎಲೆಗೂ ನಡುವೆ ತೆರಪು, ಕೆಳಗೆ ಪೂರ್ತಿ ತೆರೆದದ್ದು. ಮಳೆ ಒಳಗೆ ಬರುವುದಿಲ್ಲ, ಬೆವರಿನ ಆವಿ ಒಳಗೆ ಉಳಿಯುವುದಿಲ್ಲ. ಹೊತ್ತುಕೊಂಡು ನಡೆಯಬಹುದಾದ ಸೂರು ಅಂದರೆ ಇದೇ ಅಲ್ವಾ? ಮಡಚಿ ಬ್ಯಾಗಿಗೆ ಹಾಕಲು ಬರುವುದಿಲ್ಲ ಅನ್ನುವುದೊಂದೇ ಕೊರತೆ.

ಅದಕ್ಕೆ ಹತ್ತಿರದ್ದು ಇವತ್ತಿನ ಟಾರ್ಪಾಲು. ನನ್ನ ಓಟು ಇದಕ್ಕೇ. ಮೇ ತಿಂಗಳ ಕೊನೆಗೆ ನಮ್ಮ ಅಂಗಡಿಗಳಲ್ಲಿ ಸೌದೆ ಮುಚ್ಚಲು, ಜಗಲಿಗೆ ಇರಚಲು ಹೊಡೆಯದಂತೆ ಕಟ್ಟಲು ಜನ ಕೊಳ್ಳುವ ನೀಲಿ ಟಾರ್ಪಾಲನ್ನು ಜಿಎಸ್‌ಎಂ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಅಂತ. 120 ಜಿಎಸ್‌ಎಂನ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ್ದು ಒಂದು ಕಿಲೋ ಮೇಲೆ ಎಂಬತ್ತು ಗ್ರಾಂ ತೂಗುತ್ತದೆ. ಸಿಲಿಕೋನ್ ಲೇಪದ ನೈಲಾನ್ ಅಥವಾ ಪಾಲಿಯೆಸ್ಟರ್ ಟಾರ್ಪಾಲು ಅದೇ ಅಳತೆಗೆ ಅರ್ಧ ತೂಕಕ್ಕೂ ಕಡಿಮೆ, ಬೆಲೆ ಹಲವು ಪಟ್ಟು. ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ನೀಲಿಯದ್ದೇ ಸಾಕು. ಆದರೆ ಕಿತ್ತಳೆ ಅಥವಾ ಹಳದಿ ಬಣ್ಣ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹಸಿರಂತೂ ಬೇಡ. ಹುಡುಕಲು ಬಂದವರಿಗೂ ಕಾಣುವುದಿಲ್ಲ.

ದುಬಾರಿ ಟಾರ್ಪಾಲು, ಟೆಂಟುಗಳ ಮೇಲೆ ‘1,500 ಮಿ.ಮೀ.’, ‘3,000 ಮಿ.ಮೀ.’ ಅಂತ ಬರೆದಿರುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ, ಇದು ಎಲ್ಲಿಗೆ ಸಾಲುತ್ತದೆ ಅಂತ ಒಬ್ಬರು ನನ್ನನ್ನು ಗಂಭೀರವಾಗಿಯೇ ಕೇಳಿದ್ದರು. ಅದು ಮಳೆಯ ಅಳತೆ ಅಲ್ಲ. ಕೊಳವೆಯ ಬುಡಕ್ಕೆ ಬಟ್ಟೆ ಬಿಗಿದು ಮೇಲಿಂದ ನೀರು ತುಂಬುತ್ತಾ ಹೋಗಿ. ನೀರು ಎಷ್ಟು ಎತ್ತರಕ್ಕೆ ಬಂದಾಗ ಬಟ್ಟೆ ಒಸರುತ್ತದೋ ಅದು ಆ ಅಂಕಿ. ಮೇಲಿನ ಸೂರಿಗೆ 1,500 ಧಾರಾಳ. ನೆಲದ ಬಟ್ಟೆಗೆ ಸಾಲದು. ಮಂಡಿಯೂರಿದರೆ 30 ಕಿಲೋ ಭಾರ ನೂರು ಚದರ ಸೆಂಟಿಮೀಟರ್ ಜಾಗದ ಮೇಲೆ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಅದು ಮೂರು ಮೀಟರ್ ನೀರಿನ ಒತ್ತಡಕ್ಕೆ ಸಮ. ಕೆಳಗಿನ ಕೆಸರು ಬಟ್ಟೆಯೊಳಗೆ ಏರಿ ಬರುತ್ತದೆ.

ಟಾರ್ಪಾಲಿಗೂ ದೋಷ ಇದೆ. ಕಟ್ಟಲು ಮರ ಬೇಕು ಅಥವಾ ಕೋಲು ಬೇಕು, ಹಗ್ಗ ಬೇಕು, ಬೆರಳು ಮರಗಟ್ಟಿದಾಗಲೂ ಹಾಕಲು ಬರುವ ಎರಡು ಗಂಟು ಗೊತ್ತಿರಬೇಕು. ಬೋಳು ಹುಲ್ಲುಗುಡ್ಡದ ಮೇಲೆ ಇದ್ಯಾವುದೂ ಸುಲಭ ಅಲ್ಲ. ಉಂಬಳ (ಜಿಗಣೆ) ಅಂತೂ ನಾಲ್ಕೂ ಕಡೆಯಿಂದ ಒಳಗೆ ಬರುತ್ತದೆ. ಗುಂಪಿನಲ್ಲಿ ಹೋಗುವವರಿಗೆ ಇನ್ನೊಂದು ಉಪಾಯ ಇದೆ, ನಮ್ಮಲ್ಲಿ ಅಷ್ಟು ಬಳಕೆಗೆ ಬಂದಿಲ್ಲ. ಬ್ರಿಟನ್ನಿನ ಬೆಟ್ಟ ಹತ್ತುವವರು ಬಾಥಿ ಬ್ಯಾಗ್ ಅನ್ನುತ್ತಾರೆ. ಕಂಬ ಇಲ್ಲ, ಗೂಟ ಇಲ್ಲ, ತಳವೂ ಇಲ್ಲದ ದೊಡ್ಡ ಬಟ್ಟೆಯ ಚೀಲ. ನಾಲ್ವರು ಎದುರುಬದುರು ಕುಳಿತು ತಲೆಯ ಮೇಲಿಂದ ಎಳೆದುಕೊಂಡು, ಅಂಚನ್ನು ಕುಂಡೆಯ ಅಡಿಗೆ ಸಿಕ್ಕಿಸಿಕೊಳ್ಳುವುದು. ಬೆನ್ನುಗಳೇ ಕಂಬ. ನಾಲ್ಕು ಜನ ಅಂದರೆ 400 ವ್ಯಾಟ್, ಅಷ್ಟು ಚಿಕ್ಕ ಜಾಗದ ಗಾಳಿ ಕೆಲವೇ ನಿಮಿಷದಲ್ಲಿ ಬೆಚ್ಚಗಾಗುತ್ತದೆ. ಗಾಳಿಕಿಂಡಿ ತೆರೆದಿರಬೇಕು. ಒಳಗೆ ಸ್ಟವ್ ಹಚ್ಚಿ ಚಹಾ ಮಾಡುವ ಆಸೆ ಬಂದರೆ ತಡೆದುಕೊಳ್ಳಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಮಳೆ ಒಳಗೆ ಬಿಡದೆ ಮೈಯ ಆವಿಯನ್ನು ಮಾತ್ರ ಹೊರಗೆ ಬಿಡುತ್ತದೆ ಅನ್ನುವ ‘ಉಸಿರಾಡುವ’ ಬಟ್ಟೆಯ, ಒಳಗೆ ನುಗ್ಗಿ ಮಲಗುವ ದುಬಾರಿ ಚೀಲಗಳ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಒಣ ಚಳಿಯ ಊರಿನಲ್ಲಿ ಅವು ಚೆನ್ನ. ಜುಲೈ ತಿಂಗಳ ಘಟ್ಟದಲ್ಲಿ ಹೊರಗಿನ ಬಟ್ಟೆಯೇ ನೀರು ಕುಡಿದು ಕುಳಿತಿರುತ್ತದೆ, ಆವಿ ಹೋಗುವುದಾದರೂ ಎಲ್ಲಿಂದ?

ಇದ್ಯಾವುದೂ ಮಜಾಕ್ಕೆ ರಾತ್ರಿ ಉಳಿಯಲು ಅಲ್ಲ ಅನ್ನುವುದನ್ನೂ ಹೇಳಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಟೆಂಟ್ ಹಾಕಿ ತಂಗುವ ಹಾಗಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ಅದೇ ಕಾರಣಕ್ಕೆ ಬಹಳ ಜನ ಏನೂ ಒಯ್ಯುವುದಿಲ್ಲ. ಹೇಗೂ ಸಂಜೆಗೆ ಕೆಳಗೆ ಇರುತ್ತೇವಲ್ಲ ಅಂತ. ನಾವೂ ಹಾಗೇ ಅಂದುಕೊಂಡಿದ್ದೆವು.

ಮತ್ತೆ, ಸಿಡಿಲಿಗೆ ಇವು ಯಾವುದೂ ಉತ್ತರ ಅಲ್ಲ. ಏಪ್ರಿಲ್-ಮೇ ಮತ್ತು ಅಕ್ಟೋಬರ್ ನಮ್ಮ ಕಡೆ ಗುಡುಗಿನ ತಿಂಗಳು. ಗುಡುಗು ಕೇಳಿಸಿದರೆ ಬೆಟ್ಟದ ನೆತ್ತಿಯ ಏಣಿನಿಂದ ಕೆಳಗೆ ಇಳಿಯಬೇಕು. ಒಂಟಿ ಮರಕ್ಕೆ ಟಾರ್ಪಾಲು ಕಟ್ಟಬಾರದು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವ ತನಕ ಮತ್ತೆ ಮೇಲೆ ಹೋಗಬಾರದು. ಕಿಟಕಿ ಮುಚ್ಚಿದ ಕಾರು ಅಥವಾ ಜೀಪಿನ ಲೋಹದ ಮೈ ಮಿಂಚನ್ನು ಹೊರಗಿನಿಂದಲೇ ನೆಲಕ್ಕೆ ದಾಟಿಸುತ್ತದೆ. ಬರೀ ಟಾರ್ಪಾಲು ಹೊದೆಸಿದ ಜೀಪು ಆ ಲೆಕ್ಕಕ್ಕೆ ಬರುವುದಿಲ್ಲ.

ಈಗ ನನ್ನ ಬ್ಯಾಗಿನಲ್ಲಿ ಕುಳಿತುಕೊಳ್ಳಲು ಒಂದಡಿ ಚೌಕದ ಫೋಮ್ ತುಂಡು, ಕಿತ್ತಳೆ ಟಾರ್ಪಾಲು, ಹತ್ತು ಮೀಟರ್ ಹಗ್ಗ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಒಣ ಬನಿಯನ್ನು, ಒಂದು ಸೀಟಿ. ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಡುವುದು ಬೆಟ್ಟದಲ್ಲಿ ಸಹಾಯ ಕೇಳುವ ಹಳೆಯ ರೂಢಿ. ಟಾರ್ಪಾಲು ಬಂದ ಜೂನ್‌ನಲ್ಲೇ ಅಂಗಳದ ಎರಡು ತೆಂಗಿನ ಮರಕ್ಕೆ ಕಟ್ಟಿ, ಜಡಿಮಳೆಯಲ್ಲಿ ಫೋಮಿನ ಮೇಲೆ ಒಂದು ಗಂಟೆ ಕುಳಿತೆ. ಪಕ್ಕದ ಮನೆಯ ಅಕ್ಕ ಕೊಡೆ ಹಿಡಿದು ಬಂದು, "ಎಂತ, ಮನೆಯಲ್ಲಿ ಜಗಳವಾ?" ಅಂತ ವಿಚಾರಿಸಿಕೊಂಡು ಹೋದರು. ನಲವತ್ತನೆಯ ನಿಮಿಷಕ್ಕೆ ನಡುವಿನ ಹೊಲಿಗೆಯಿಂದ ಮೊದಲ ಹನಿ ನನ್ನ ಎಡಗಿವಿಯ ಹಿಂದೆ ಬಿತ್ತು. ಮರುದಿನ ಹೊಲಿಗೆಗೆ ಹಚ್ಚುವ ಅಂಟಿನ ಟ್ಯೂಬು ತಂದೆ.