ಗೊರಿಲ್ಲಾ ಕೋತಿಯಲ್ಲ: ಒಂದು ಹಳೇ ಗೊಂದಲದ ಹಿನ್ನೆಲೆ

2021ರಲ್ಲಿ ಮೈಸೂರು ಮೃಗಾಲಯಕ್ಕೆ ಜರ್ಮನಿಯಿಂದ ಎರಡು ಗೊರಿಲ್ಲಾಗಳು ಬಂದವು. ಹೆಸರು ಥಾಬೊ ಮತ್ತು ಡೆಂಬಾ. ಅಂಥ ಪ್ರಾಣಿಯನ್ನು ಕಂಡಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು, ‘ಅಬ್ಬಾ, ಎಷ್ಟು ದೊಡ್ಡ ಕೋತಿ!’ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಹಾಗೇ ಅನ್ನುತ್ತಾರೆ. ಅವರನ್ನು ದೂರುವಂತಿಲ್ಲ. ಈ ಪ್ರಾಣಿಗೆ ಕನ್ನಡದ ಆಡುಮಾತಿನಲ್ಲಿ ಬೇರೆ ಹೆಸರೇ ಇಲ್ಲ.

ಕೋತಿಗಳ ಮಟ್ಟಿಗೆ ನಮ್ಮ ಭಾಷೆಗೆ ಹೆಸರಿನ ಬರವಿಲ್ಲ. ಕೈಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಂಡು ಓಡುವುದು ಕೋತಿ ಅಥವಾ ಮಂಗ. ಕಪ್ಪು ಮೂತಿ, ಉದ್ದ ಬಾಲದ್ದು ಮುಸಿಯ. ಅಘನಾಶಿನಿ ಕಣಿವೆಯಂಥ ಮಳೆಕಾಡಿನಲ್ಲಿ ಇರುವ, ಮುಖದ ಸುತ್ತ ಬೂದು ಕೇಸರದ್ದು ಸಿಂಗಳೀಕ. ಕಣ್ಣೆದುರು ಇದ್ದವಕ್ಕೆಲ್ಲ ಹೆಸರಿಟ್ಟೆವು. ಆದರೆ ಗೊರಿಲ್ಲಾ, ಚಿಂಪಾಂಜಿ ಇರುವುದು ಆಫ್ರಿಕಾದಲ್ಲಿ. ಒರಾಂಗುಟಾನ್ ಸುಮಾತ್ರಾ, ಬೋರ್ನಿಯೊ ಕಡೆಯದು. ಇಂಗ್ಲಿಷಿನಲ್ಲಿ ಇವು ‘ಏಪ್’. ಇದಕ್ಕೆ ಕನ್ನಡದಲ್ಲಿ ಕೆಲವರು ‘ವಾನರ’ ಎಂದು ಬರೆಯುತ್ತಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ವಾನರ ಅಂದರೆ ನಮಗೆ ನೆನಪಾಗುವುದು ಬಾಲದ ಬೆಂಕಿಯಿಂದ ಲಂಕೆ ಸುಟ್ಟ ಹನುಮಂತ. ಬಾಲವೇ ಇಲ್ಲದ ಪ್ರಾಣಿಗೆ ಆ ಹೆಸರು ಹೇಗೆ ಹೊಂದೀತು?

ಬೇರೆ ಹೆಸರು ಇದ್ದವರೂ ಎಡವಿದ್ದಾರೆ. 2ನೇ ಶತಮಾನದ ವೈದ್ಯ ಗೇಲನ್, ಉತ್ತರ ಆಫ್ರಿಕಾದ ಬಾರ್ಬರಿ ಕೋತಿಗಳನ್ನು ಕೊಯ್ದು ನೋಡಿ ಮನುಷ್ಯನ ದೇಹದ ಬಗ್ಗೆ ಬರೆದ. ಆ ಕೋತಿಗೆ ಬಾಲ ಇಲ್ಲವೆನ್ನುವಷ್ಟು ಗಿಡ್ಡ. ಅದಕ್ಕೇ ಇಂಗ್ಲಿಷರು ಅದನ್ನು ‘ಬಾರ್ಬರಿ ಏಪ್’ ಅಂದರು. ನಿಜಕ್ಕೂ ಅದು ನಮ್ಮೂರ ಕೋತಿಯ ದಾಯಾದಿ. 1699ರಲ್ಲಿ ಲಂಡನ್ನಿನ ವೈದ್ಯ ಎಡ್ವರ್ಡ್ ಟೈಸನ್ ಒಂದು ಮರಿ ಚಿಂಪಾಂಜಿಯ ದೇಹವನ್ನು ಪರೀಕ್ಷಿಸಿ, ಇದು ಕೋತಿಗಿಂತ ಮನುಷ್ಯನನ್ನೇ ಜಾಸ್ತಿ ಹೋಲುತ್ತದೆ ಎಂದು ತೋರಿಸಿದ. ಅಷ್ಟು ಸರಿಯಾಗಿ ಕಂಡವನೂ ಅದನ್ನು ಕರೆದದ್ದು ‘ಒರಾಂಗ್ ಔಟಾಂಗ್’ ಎಂದು! 1758ರಲ್ಲಿ, ಜೀವಿಗಳನ್ನು ಗುಂಪುಗಳಾಗಿ ವಿಂಗಡಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಕೋತಿ, ಏಪ್ ಎರಡನ್ನೂ ‘ಸಿಮಿಯಾ’ ಎಂಬ ಒಂದೇ ಗುಂಪಿಗೆ ಸೇರಿಸಿದ. ಗೊರಿಲ್ಲಾದ ವೈಜ್ಞಾನಿಕ ವಿವರಣೆ ಬಂದದ್ದೇ 1847ರಲ್ಲಿ.

ಆಮೇಲೆ ಡಾರ್ವಿನ್ ಬಂದ. 1871ರಲ್ಲಿ ಅವನು ಮನುಷ್ಯನ ಹುಟ್ಟಿನ ಬಗ್ಗೆ ಬರೆದದ್ದು ನಮ್ಮ ಮನೆಮನೆಗೆ ತಲುಪಿದ್ದು ‘ಮಂಗನಿಂದ ಮಾನವ’ ಎಂಬ ಮಾತಾಗಿ. ಮಾತು ಬಾಯಲ್ಲಿ ಸಲೀಸಾಗಿ ನಿಲ್ಲುತ್ತದೆ, ನಿಜ. ಆದರೆ ಅದರ ಬೆನ್ನಿಗೇ ಒಂದು ಪ್ರಶ್ನೆ ಬರುತ್ತದೆ: ‘ಹಾಗಾದ್ರೆ ಈಗಿನ ಮಂಗಗಳು ಯಾಕೆ ಮನುಷ್ಯರಾಗಲ್ಲ?’ ಕೇಳುವವರು ಸುಮ್ನೆ ಕೇಳುವುದಿಲ್ಲ. ಆ ಮಾತು ನಂಬಿದರೆ ಹಾಗೇ ಅನ್ನಿಸಬೇಕು, ಅಲ್ವಾ? ನಾವು ಈಗಿನ ಮಂಗಗಳಿಂದ ಬಂದವರಲ್ಲ. ನಮ್ಮೂರ ಕೋತಿಗಳ ವಂಶವೂ ಏಪ್‌ಗಳ ವಂಶವೂ ಕವಲೊಡೆದು ಸುಮಾರು 2.5ರಿಂದ 3 ಕೋಟಿ ವರ್ಷಗಳಾದವು. ಮನುಷ್ಯ ಮತ್ತು ಚಿಂಪಾಂಜಿಯ ದಾರಿ ಬೇರೆಯಾದದ್ದು ಸುಮಾರು 60-70 ಲಕ್ಷ ವರ್ಷಗಳ ಹಿಂದೆ. ಅಂದರೆ ಚಿಂಪಾಂಜಿ ಕೋತಿಗಿಂತ ನಮಗೇ ಹತ್ತಿರದ ನೆಂಟ. ನಾವೂ ಏಪ್‌ಗಳ ಪೈಕಿಯೇ.

ಗುರುತಿಗೆ ಬಾಲ ನೋಡಿದರೆ ಬಹುಮಟ್ಟಿಗೆ ಸಾಕು. ಬಾರ್ಬರಿ ಕೋತಿಯಂಥವು ಮೋಸ ಮಾಡಿದರೆ ಭುಜ ನೋಡಬೇಕು. ಕೋತಿ ಕೊಂಬೆಯ ಮೇಲೆ ನಾಲ್ಕು ಕಾಲಲ್ಲಿ ಓಡುತ್ತದೆ. ಏಪ್‌ನ ಎದೆ ಅಗಲ, ತೋಳು ಉದ್ದ. ಭುಜ ಎಲ್ಲ ಕಡೆಗೂ ತಿರುಗುವುದರಿಂದ ಅದು ಕೊಂಬೆ ಹಿಡಿದು ಕೆಳಗೆ ಜೋತಾಡಬಲ್ಲದು.

ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದು ಅಸ್ಸಾಮಿನಲ್ಲಿ ಕಾಣುತ್ತದೆ. ಭಾರತದ ಕಾಡಿನಲ್ಲಿರುವ ಏಪ್ ಅಂದರೆ ಹೂಲಾಕ್ ಗಿಬ್ಬನ್ ಮಾತ್ರ. ಅಲ್ಲಿನ ಜನ ಅದನ್ನು ‘ಹೊಲೌ ಬಾಂದರ್’ ಅನ್ನುತ್ತಾರೆ. ಅಲ್ಲೂ ಅದು ಕೋತಿಯೇ! ಜೋರ್‌ಹಾಟ್ ಜಿಲ್ಲೆಯ ಹೊಲ್ಲೊಂಗಾಪಾರ್ ಅಭಯಾರಣ್ಯದ ನಡುವೆ ರೈಲು ಹಳಿ ಹಾದುಹೋಗಿದೆ. ಕೋತಿಯಾದರೆ ಮರ ಇಳಿದು ಹಳಿ ದಾಟಿಬಿಡುತ್ತದೆ. ಗಿಬ್ಬನ್ ನೆಲಕ್ಕೆ ಇಳಿಯುವುದೇ ಅಪರೂಪ. ಕೈಗೆಟುಕುವ ಕೊಂಬೆ ಇಲ್ಲದಿದ್ದರೆ ಅದರ ದಾರಿ ಅಲ್ಲಿಗೇ ಮುಗಿಯಿತು. ಹಳಿಯ ಆಚೆ ಈಚೆ ಗಿಬ್ಬನ್ ಕುಟುಂಬಗಳು ಬೇರೆಯಾಗಿ ಉಳಿದಿವೆ.