ಕೋಟಿಗಟ್ಟಲೆ ಅನುದಾನ ಬಂದರೂ ಎಫ್‌ಎಸ್‌ಎಲ್ ವರದಿ ತಡವಾಗುವುದೇಕೆ?

ಓದುಗರ ಪ್ರಶ್ನೆ: ನಮ್ಮ ಸಂಬಂಧಿಕರೊಬ್ಬರು ಹಠಾತ್ತನೆ ತೀರಿಕೊಂಡರು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ‘ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂದ ಮೇಲೆ ಅಂತಿಮ ಅಭಿಪ್ರಾಯ’ ಎಂದು ಬರೆದು ಕೊಟ್ಟರು. ತಿಂಗಳುಗಳೇ ಕಳೆದವು. ಠಾಣೆಯಲ್ಲಿ ಕೇಳಿದರೆ ‘ಲ್ಯಾಬಿನಿಂದ ಇನ್ನೂ ಬಂದಿಲ್ಲ’ ಎನ್ನುತ್ತಾರೆ. ವಿಧಿವಿಜ್ಞಾನಕ್ಕೆ ಸರ್ಕಾರ ಎರಡು ಸಾವಿರ ಕೋಟಿ ರೂಪಾಯಿ ಕೊಟ್ಟಿದೆ ಎಂದು ಓದಿದ ನೆನಪು. ಆ ಹಣ ಎಲ್ಲಿಗೆ ಹೋಗುತ್ತದೆ?

ಉತ್ತರ: ನೀವು ಓದಿದ್ದು ಸರಿಯಾಗಿಯೇ ಇದೆ. ಹಣ ಬಂದಿದೆ. ಆದರೆ ಅದರ ಬಹುಪಾಲು ಕಟ್ಟಡಕ್ಕೆ, ಯಂತ್ರಕ್ಕೆ, ಹೊಸ ಕ್ಯಾಂಪಸ್ಸಿಗೆ ಎಂದು ಬಂದಿರುವ ಹಣ. ನಿಮ್ಮ ಮನೆಯವರ ವರದಿಯನ್ನು ಬರೆಯಬೇಕಾದವರು ಒಬ್ಬ ವಿಜ್ಞಾನಿ. ಅವರ ಸಂಬಳ ರಾಜ್ಯದ ಬಜೆಟ್ಟಿನಿಂದ ಬರಬೇಕು, ಅವರ ಹುದ್ದೆಯನ್ನು ರಾಜ್ಯವೇ ಮಂಜೂರು ಮಾಡಿ ಭರ್ತಿ ಮಾಡಬೇಕು. ನನ್ನ ದೃಷ್ಟಿಯಲ್ಲಿ ವಿಳಂಬದ ಬೇರು ಇರುವುದು ಅಲ್ಲಿಯೇ.

ಮೊದಲು ಹಣದ ಲೆಕ್ಕ. ಪೊಲೀಸ್ ವ್ಯವಸ್ಥೆ ರಾಜ್ಯ ಪಟ್ಟಿಯ ವಿಷಯವಾದ್ದರಿಂದ ರಾಜ್ಯಗಳ ಪ್ರಯೋಗಾಲಯಗಳನ್ನು ನಡೆಸುವ ಹೊಣೆ ಆಯಾ ಗೃಹ ಇಲಾಖೆಯದು. ಕೇಂದ್ರ ಗೃಹ ಸಚಿವಾಲಯ ಯೋಜನೆಗಳ ಮೂಲಕ ನೆರವು ಕೊಡುತ್ತದೆ. 2022ರಲ್ಲಿ ಮಂಜೂರಾದ 26,275 ಕೋಟಿ ರೂಪಾಯಿಯ ಪೊಲೀಸ್ ಆಧುನೀಕರಣ ಯೋಜನೆಯಲ್ಲಿ 2,080.50 ಕೋಟಿ ವಿಧಿವಿಜ್ಞಾನ ಸಾಮರ್ಥ್ಯದ ಆಧುನೀಕರಣಕ್ಕೆ ಮೀಸಲಾಗಿತ್ತು. ಅದರ ಅವಧಿ 2021-22ರಿಂದ 2025-26. ಇದಾದ ಮೇಲೆ 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ವಿಧಿವಿಜ್ಞಾನ ಮೂಲಸೌಕರ್ಯ ವರ್ಧನೆ ಯೋಜನೆಗೆ ಒಪ್ಪಿಗೆ ನೀಡಿತು. 2028-29ರವರೆಗೆ ಅದಕ್ಕೆ 2,254.43 ಕೋಟಿ ರೂಪಾಯಿ. ಈ ಎರಡನೆಯ ಮೊತ್ತ ಹೋಗುವುದು ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೆ ಮತ್ತು ಕೇಂದ್ರೀಯ ಪ್ರಯೋಗಾಲಯಗಳಿಗೆ. ನಮ್ಮ ಧಾರವಾಡದಲ್ಲಿ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾದದ್ದು ಇದೇ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ. ಇವಲ್ಲದೆ 2013ರಲ್ಲಿ ಸ್ಥಾಪಿಸಿದ ನಿರ್ಭಯಾ ನಿಧಿಯಿಂದ ರಾಜ್ಯಗಳ ಡಿಎನ್‌ಎ ವಿಭಾಗಗಳಿಗೂ ನೆರವು ಸಿಕ್ಕಿದೆ. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಕ್ಯಾಂಪಸ್ಸಿನಲ್ಲಿ ಓದಿ ಹೊರಬಂದ ಪದವೀಧರನಿಗೆ ಸರ್ಕಾರಿ ಪ್ರಯೋಗಾಲಯದಲ್ಲಿ ಹುದ್ದೆಯೇ ಇಲ್ಲದಿದ್ದರೆ ನಿಮ್ಮ ವರದಿ ಒಂದು ದಿನವೂ ಬೇಗ ಬರುವುದಿಲ್ಲ.

ಈಗ ಒಂದು ಮಾದರಿಯ ಹಿಂದೆ ಹೋಗಿ ನೋಡೋಣ. ಮರಣೋತ್ತರ ಪರೀಕ್ಷೆಯ ವೇಳೆ ವೈದ್ಯರು ಜಠರ ಮತ್ತು ಅದರೊಳಗಿನ ವಸ್ತು, ಸಣ್ಣ ಕರುಳಿನ ಭಾಗ, ಯಕೃತ್ತು, ಮೂತ್ರಪಿಂಡ, ರಕ್ತ ಇವುಗಳನ್ನು ಬೇರೆ ಬೇರೆ ಬಾಟಲಿಗಳಲ್ಲಿ ತೆಗೆದಿಡುತ್ತಾರೆ. ಅಂಗಾಂಶಗಳನ್ನು ಸಾಮಾನ್ಯವಾಗಿ ಉಪ್ಪಿನ ಗಾಢ ದ್ರಾವಣದಲ್ಲಿ ಇಡುತ್ತಾರೆ. ಫಾರ್ಮಲಿನ್ ಬಳಸಿದರೆ ಕೆಲವು ವಿಷಗಳನ್ನು ಆಮೇಲೆ ಪತ್ತೆ ಮಾಡುವುದೇ ಕಷ್ಟವಾಗುತ್ತದೆ. ಬಾಟಲಿಗೆ ಅರಗಿನ ಮೊಹರು ಹಾಕಿ, ಮೊಹರಿನ ನಮೂನೆಯನ್ನು ಪತ್ರದ ಜೊತೆಗಿಟ್ಟು ಪೊಲೀಸರಿಗೆ ಕೊಡುತ್ತಾರೆ. ಒಬ್ಬ ಕಾನ್‌ಸ್ಟೆಬಲ್ ಅದನ್ನು ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಕರ್ನಾಟಕದಲ್ಲಿ ಮುಖ್ಯ ಪ್ರಯೋಗಾಲಯ ಇರುವುದು ಬೆಂಗಳೂರಿನ ಮಡಿವಾಳದಲ್ಲಿ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಂಥ ಕಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಎಲ್ಲ ಬಗೆಯ ಪರೀಕ್ಷೆಯೂ ಎಲ್ಲ ಕಡೆ ಆಗುವುದಿಲ್ಲ. ಹಾಗಾಗಿ ಕೆಲವು ಮಾದರಿಗಳು ದೂರ ಪ್ರಯಾಣ ಮಾಡಲೇಬೇಕು.

ವಿಷವಿಜ್ಞಾನ ವಿಭಾಗದಲ್ಲಿ ಮೊಹರು ಸರಿಯಿದೆಯೇ ಎಂದು ನೋಡಿ ದಾಖಲಿಸಿಕೊಂಡ ಮೇಲೆ ಮಾದರಿ ಸರದಿಗೆ ಸೇರುತ್ತದೆ. ಅದರ ಸರದಿ ಬಂದಾಗ ಅಂಗಾಂಶವನ್ನು ಅರೆದು, ದ್ರಾವಕಗಳಿಂದ ವಿಷದ ಅಂಶವನ್ನು ಬೇರ್ಪಡಿಸಿ, ಶುದ್ಧೀಕರಿಸಿ, ಮೊದಲು ಸರಳ ಪರೀಕ್ಷೆ, ಆಮೇಲೆ ಯಂತ್ರದಲ್ಲಿ ಖಚಿತ ಪರೀಕ್ಷೆ ನಡೆಸಬೇಕು. ಯಾವ ವಿಷವೆಂದು ಮೊದಲೇ ಗೊತ್ತಿರುವುದಿಲ್ಲ. ಕೀಟನಾಶಕಗಳೇ ಹತ್ತಾರು ಬಗೆ. ಅವುಗಳ ಜೊತೆಗೆ ಔಷಧಗಳು, ಮದ್ಯ, ಲೋಹಗಳು, ಸಸ್ಯವಿಷಗಳು. ‘ವಿಷ ಇಲ್ಲ’ ಎಂದು ಬರೆಯುವುದು ‘ಇದೆ’ ಎಂದು ಬರೆಯುವುದಕ್ಕಿಂತ ಹೆಚ್ಚು ಕೆಲಸ ಬೇಡುತ್ತದೆ, ಏಕೆಂದರೆ ಪ್ರತಿಯೊಂದು ಗುಂಪನ್ನೂ ತಳ್ಳಿಹಾಕುತ್ತ ಹೋಗಬೇಕು. ಈ ಶ್ರಮದ ಮುಖ್ಯ ಭಾಗ ಯಂತ್ರದ್ದಲ್ಲ, ಮನುಷ್ಯನ ಕೈಯದು ಮತ್ತು ಕಣ್ಣಿನದು. ಎರಡು ಯಂತ್ರವಿದ್ದು ಒಬ್ಬರೇ ಪರಿಣತರಿದ್ದರೆ ಹೊರಬರುವುದು ಒಬ್ಬರು ಸಹಿ ಮಾಡುವಷ್ಟೇ ವರದಿಗಳು.

ಆ ಒಬ್ಬರು ನ್ಯಾಯಾಲಯಕ್ಕೂ ಹೋಗಬೇಕು. ಸರ್ಕಾರಿ ವಿಜ್ಞಾನಿಗಳ ವರದಿಯನ್ನು ಅವರ ಮೌಖಿಕ ಸಾಕ್ಷ್ಯವಿಲ್ಲದೆಯೂ ಪುರಾವೆಯಾಗಿ ಸ್ವೀಕರಿಸಲು ಕಾನೂನು ಅವಕಾಶ ಕೊಡುತ್ತದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಂ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಂ. ಆದರೂ ನ್ಯಾಯಾಲಯ ಬಯಸಿದರೆ ಅವರನ್ನು ಕರೆಸಬಹುದು. ಸಮನ್ಸ್ ಬಂದ ದಿನ ಪ್ರಯೋಗಾಲಯದ ಮೇಜು ಖಾಲಿ. ವಿಡಿಯೊ ಮೂಲಕ ಸಾಕ್ಷ್ಯ ಹೇಳಲು ಹೊಸ ಕಾನೂನಿನಲ್ಲಿ ದಾರಿಯಿದೆ. ಅದನ್ನು ತಾಲ್ಲೂಕು ನ್ಯಾಯಾಲಯಗಳವರೆಗೂ ರೂಢಿಗೆ ತಂದರೆ, ಹೆಚ್ಚು ಖರ್ಚಿಲ್ಲದೆ ವಿಜ್ಞಾನಿಗಳ ಸಮಯ ಉಳಿಯುತ್ತದೆ.

ಇನ್ನು ವರ್ಷವರ್ಷದ ಖರ್ಚು. ಯೋಜನೆಯ ಹಣದಲ್ಲಿ ಯಂತ್ರ ಬರುತ್ತದೆ, ಉದ್ಘಾಟನೆಯಾಗುತ್ತದೆ. ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣಾ ಒಪ್ಪಂದ ಬೇಕು, ಅತಿ ಶುದ್ಧ ಅನಿಲ ಬೇಕು, ದ್ರಾವಕಗಳು ಬೇಕು. ಡಿಎನ್‌ಎ ಕಿಟ್‌ಗಳು ದುಬಾರಿ, ಅವಕ್ಕೆ ಅವಧಿಯೂ ಇರುತ್ತದೆ. ಮೊಬೈಲ್ ಫೋನಿನಿಂದ ದತ್ತಾಂಶ ತೆಗೆಯುವ ತಂತ್ರಾಂಶಗಳಿಗೆ ಸಾಮಾನ್ಯವಾಗಿ ಪ್ರತಿ ವರ್ಷ ಪರವಾನಗಿ ನವೀಕರಿಸಬೇಕು. ನವೀಕರಿಸದಿದ್ದರೆ ಹೊಸ ಮಾದರಿಯ ಫೋನು ತೆರೆಯುವುದೇ ಇಲ್ಲ. ಬೋರ್‌ವೆಲ್ ಕೊರೆಸಿ ಕರೆಂಟ್ ಬಿಲ್ಲಿಗೆ ಹಣ ಎತ್ತಿಡದಿದ್ದರೆ ಹೊಲಕ್ಕೆ ನೀರು ಬರುವುದಿಲ್ಲ ಎಂಬುದು ರೈತನಿಗೆ ಗೊತ್ತು. ಬಜೆಟ್ಟಿನಲ್ಲಿ ಮಾತ್ರ ಈ ಬಾಬ್ತಿಗೆ ಮೊದಲು ಕತ್ತರಿ ಬೀಳುತ್ತದೆ.

ಇಷ್ಟರಲ್ಲಿ ಕೆಲಸದ ಹೊರೆಯನ್ನು ಕಾನೂನೇ ಹೆಚ್ಚಿಸಿದೆ. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನ 3ನೇ ಉಪಕಲಂ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಲೇಬೇಕು, ಅದರ ವಿಡಿಯೊ ಚಿತ್ರೀಕರಣವೂ ಆಗಬೇಕು. ಇದನ್ನು ಐದು ವರ್ಷದೊಳಗೆ ಜಾರಿಗೆ ತರಲು ರಾಜ್ಯಗಳಿಗೆ ಕಾಲಾವಕಾಶವಿದೆ. ಕರ್ನಾಟಕ ಇದಕ್ಕೂ ಮೊದಲೇ ಅಪರಾಧ ಸ್ಥಳದ ಪರಿಶೀಲನೆಗೆಂದೇ ‘ಸೋಕೋ’ ಅಧಿಕಾರಿಗಳನ್ನು ನೇಮಿಸಿಕೊಂಡಿತು. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ. ಸ್ಥಳದಲ್ಲಿ ಸಾಕ್ಷ್ಯ ಹಾಳಾದರೆ ಪ್ರಯೋಗಾಲಯ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಆದರೆ ಸ್ಥಳದಲ್ಲಿ ಹೆಚ್ಚು ಸಾಕ್ಷ್ಯ ಸಿಕ್ಕಷ್ಟೂ ಪ್ರಯೋಗಾಲಯದ ಬಾಗಿಲಿಗೆ ಹೆಚ್ಚು ಮೊಹರಾದ ಪೊಟ್ಟಣಗಳು ಬರುತ್ತವೆ. ಮುಂದಿನ ತುದಿಯನ್ನು ಅಗಲಿಸಿ ಹಿಂದಿನದನ್ನು ಹಾಗೆಯೇ ಬಿಟ್ಟರೆ ಬಾಕಿ ಬೆಳೆಯದೆ ಏನಾಗುತ್ತದೆ?

ಇದೆಲ್ಲ ಯಾರಿಗೂ ಹೊಳೆಯದ ವಿಚಾರವಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿ 2003ರಲ್ಲೇ ಪ್ರಯೋಗಾಲಯಗಳ ಜಾಲವನ್ನು ಬಲಪಡಿಸಬೇಕು, ಜಿಲ್ಲಾ ಮಟ್ಟದಲ್ಲಿ ಕಿರು ಪ್ರಯೋಗಾಲಯ ಮತ್ತು ಸಂಚಾರಿ ಘಟಕಗಳು ಬೇಕು ಎಂದು ಹೇಳಿತ್ತು. ಅಲ್ಲಿಂದ ಇಲ್ಲಿಗೆ ಎರಡು ದಶಕ ದಾಟಿದೆ.

ವಿಳಂಬದ ಬೆಲೆಯನ್ನು ಕೊಡುವವರು ಯಾರು ಎಂಬುದು ನನ್ನನ್ನು ಕಾಡುವ ಸಂಗತಿ. ನಿಮ್ಮಂಥ ಕುಟುಂಬಗಳ ವಿಮೆ, ರೈತ ಕುಟುಂಬದ ಪರಿಹಾರದ ಕಡತ ಇದೇ ವರದಿಗಾಗಿ ನಿಲ್ಲುತ್ತವೆ. ಮಾದಕ ವಸ್ತು ಪ್ರಕರಣದಲ್ಲಿ ವಶಪಡಿಸಿಕೊಂಡ ಪುಡಿ ಏನು ಎಂದು ಹೇಳಬೇಕಾದದ್ದೂ ಪ್ರಯೋಗಾಲಯ. ಅಲ್ಲಿ ಜಾಮೀನು ಸುಲಭವಲ್ಲ. ನಿರಪರಾಧಿಯೊಬ್ಬ ವರದಿ ಬರುವವರೆಗೆ ಜೈಲಿನಲ್ಲೇ ಇರಬೇಕಾಗಬಹುದು. 2024ರ ಯೋಜನೆಯನ್ನು ಪ್ರಕಟಿಸುವಾಗ ಕೇಂದ್ರ ಸರ್ಕಾರ ಶೇ 90ಕ್ಕೂ ಹೆಚ್ಚು ಶಿಕ್ಷೆಯ ಪ್ರಮಾಣದ ಗುರಿಯನ್ನು ಮುಂದಿಟ್ಟಿತು. ಈ ಅಳತೆಗೋಲು ನನಗೆ ಒಪ್ಪಿಗೆಯಿಲ್ಲ. ತಪ್ಪು ಮಾಡಿದವನು ಆರೋಪಿ ಅಲ್ಲವೆಂದು ತೋರಿಸುವ ವರದಿಯೂ ಪ್ರಯೋಗಾಲಯದ ಯಶಸ್ಸೇ. ನಮ್ಮಲ್ಲಿ ಎಫ್‌ಎಸ್‌ಎಲ್ ಪೊಲೀಸ್ ಇಲಾಖೆಯ ಅಂಗವಾಗಿಯೇ ಇರುವಾಗ ಈ ಮಾತನ್ನು ಒತ್ತಿ ಹೇಳುವುದು ಇನ್ನೂ ಅಗತ್ಯ.

ಹಾಗಾದರೆ ಖಾಸಗಿಯವರಿಗೆ ವಹಿಸಬಹುದಲ್ಲ ಎಂದು ಹಲವರು ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಅದನ್ನು ಮಾಡಿ ನೋಡಿದ್ದಾರೆ. ತಿಂಗಳಿಗೆ ಸುಮಾರು 20 ಲಕ್ಷ ಪೌಂಡ್ ನಷ್ಟವಾಗುತ್ತಿದೆ ಎಂದು ಅಲ್ಲಿನ ಸರ್ಕಾರಿ ವಿಧಿವಿಜ್ಞಾನ ಸೇವೆಯನ್ನು 2012ರಲ್ಲಿ ಮುಚ್ಚಿ, ಕೆಲಸವನ್ನು ಖಾಸಗಿ ಕಂಪನಿಗಳಿಗೂ ಪೊಲೀಸರ ಸ್ವಂತ ಪ್ರಯೋಗಾಲಯಗಳಿಗೂ ಬಿಟ್ಟರು. 2017ರಲ್ಲಿ ಮ್ಯಾಂಚೆಸ್ಟರಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಫಲಿತಾಂಶದ ದತ್ತಾಂಶವನ್ನೇ ತಿದ್ದಿದ ಶಂಕೆ ಬಯಲಾಗಿ, 10,000ಕ್ಕೂ ಹೆಚ್ಚು ಮಾದರಿಗಳ ಮರುಪರಿಶೀಲನೆ ಮಾಡಬೇಕಾಯಿತು. ಉಳಿಸಿದ ಹಣಕ್ಕಿಂತ ಕಳೆದುಕೊಂಡ ನಂಬಿಕೆ ದೊಡ್ಡದು.

ನೀವು ಈಗ ಮಾಡಬಹುದಾದದ್ದು ಇಷ್ಟು. ಠಾಣೆಯಲ್ಲಿ ‘ವರದಿ ಬಂತೇ’ ಎಂದಷ್ಟೇ ಕೇಳಬೇಡಿ. ಮಾದರಿಯನ್ನು ಯಾವ ದಿನ ಯಾವ ಪ್ರಯೋಗಾಲಯಕ್ಕೆ ಕೊಟ್ಟರು, ಅಲ್ಲಿನ ಸ್ವೀಕೃತಿ ಸಂಖ್ಯೆ ಏನು ಎಂದು ಲಿಖಿತವಾಗಿ ಕೇಳಿ. ಮಾದರಿ ಠಾಣೆಯಿಂದ ಹೊರಟೇ ಇಲ್ಲವೆಂದು ಕೆಲವೊಮ್ಮೆ ಆಗಲೇ ತಿಳಿಯುತ್ತದೆ. ಎಫ್‌ಐಆರ್ ದಾಖಲಾಗಿದ್ದರೆ, ತನಿಖೆ ಎಲ್ಲಿಗೆ ಬಂತು ಎಂಬುದನ್ನು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ 90 ದಿನದೊಳಗೆ ತಿಳಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಹೇಳುತ್ತದೆ. ಅದನ್ನು ಉಲ್ಲೇಖಿಸಿ ಎಸ್‌ಪಿ ಕಚೇರಿಗೆ ಅರ್ಜಿ ಕೊಡಿ. ಅಸಹಜ ಸಾವು ಎಂದಷ್ಟೇ ದಾಖಲಾಗಿದ್ದರೆ ಉಪವಿಭಾಗಾಧಿಕಾರಿಯವರಿಗೆ ಬರೆಯಿರಿ. ನಿಮ್ಮ ಶಾಸಕರು ಸಿಕ್ಕಾಗ ಹೊಸ ಕಟ್ಟಡದ ಬದಲು, ನಿಮ್ಮ ಭಾಗದ ಪ್ರಾದೇಶಿಕ ಪ್ರಯೋಗಾಲಯದಲ್ಲಿ ಮಂಜೂರಾದ ವಿಜ್ಞಾನಿ ಹುದ್ದೆಗಳೆಷ್ಟು, ಖಾಲಿ ಎಷ್ಟು ಎಂದು ಸದನದಲ್ಲಿ ಪ್ರಶ್ನೆ ಕೇಳಲು ಹೇಳಿ.