ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್: ಹಿಮೋಫಿಲಿಯಾ ಇರುವವರು ಕ್ಯಾಶುವಾಲ್ಟಿಗೆ ಬಂದಾಗ

ತಲೆಗೆ ಪೆಟ್ಟು ಬಿದ್ದ ಮಗುವನ್ನು ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋದರೆ ಮೊದಲು ಏನಾಗುತ್ತೆ? ಸಿಟಿ ಸ್ಕ್ಯಾನ್ ಬರೆದುಕೊಡುತ್ತಾರೆ. ದುಡ್ಡು ಕಟ್ಟಿ, ಸಾಲಿನಲ್ಲಿ ನಿಂತು, ರಿಪೋರ್ಟ್ ಬಂದ ಮೇಲೆ ಚಿಕಿತ್ಸೆ ಶುರು. ಬಹುತೇಕ ಮಕ್ಕಳಿಗೆ ಇದು ಸರಿಯಾದ ಕ್ರಮವೇ. ಆದರೆ ಹಿಮೋಫಿಲಿಯಾ ಇರುವ ಮಗುವಿಗೆ ಇದೇ ಕ್ರಮ ಪ್ರಾಣಕ್ಕೆ ಕುತ್ತು ತರಬಹುದು. ಅವನಿಗೆ ಮೊದಲು ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಇಂಜೆಕ್ಷನ್ ಹೋಗಬೇಕು, ಸ್ಕ್ಯಾನ್ ಆಮೇಲೆ. ಸ್ಕ್ಯಾನಿನಲ್ಲಿ ರಕ್ತ ಕಾಣಿಸಲಿ ಅಂತ ಕಾಯುತ್ತಾ ಕೂತರೆ, ಕಾಣಿಸುವಷ್ಟು ರಕ್ತ ಅಷ್ಟೊತ್ತಿಗೆ ತಲೆಯೊಳಗೆ ಸೋರಿರುತ್ತದೆ.

ಹೇಳೋಕೆ ಇಷ್ಟೇ. ಆದರೆ ಈ ಒಂದು ಮಾತು ತುರ್ತು ವಿಭಾಗದ ಬಾಗಿಲಲ್ಲಿ ಇವತ್ತಿಗೂ ಸುಲಭವಾಗಿ ನಡೆಯುವುದಿಲ್ಲ. ಯಾಕೆ ಅಂತ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಿಮೋಫಿಲಿಯಾ ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಹುಟ್ಟಿನಿಂದಲೇ ಕಡಿಮೆ ಇರುವುದು. ಫ್ಯಾಕ್ಟರ್ 8 ಕಡಿಮೆ ಇದ್ದರೆ ‘ಎ’, ಫ್ಯಾಕ್ಟರ್ 9 ಕಡಿಮೆ ಇದ್ದರೆ ‘ಬಿ’. ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ, ತಾಯಿಯ ಕಡೆಯಿಂದ ಬರುತ್ತದೆ. ಆದರೆ ಸುಮಾರು ಮೂರನೇ ಒಂದು ಭಾಗ ಕುಟುಂಬಗಳಲ್ಲಿ ಹಿಂದೆ ಯಾರಿಗೂ ಇದ್ದ ಸುಳಿವೇ ಇರುವುದಿಲ್ಲ. ‘ನಿಮ್ಮ ಕಡೆಯಿಂದ ಬಂತು’ ಅಂತ ಸೊಸೆಯನ್ನು ಜೀವನಪೂರ್ತಿ ಚುಚ್ಚುವವರು ಇದನ್ನು ತಿಳಿದುಕೊಳ್ಳಬೇಕು.

ಜನ ಅಂದುಕೊಂಡಂತೆ ಇವರಿಗೆ ಬೆರಳು ಕೊಯ್ದರೆ ರಕ್ತ ಧಾರಾಕಾರವಾಗಿ ಸುರಿಯುವುದಿಲ್ಲ. ಎಲ್ಲರಿಗೆ ಹರಿಯುವ ವೇಗದಲ್ಲೇ ಹರಿಯುತ್ತದೆ, ಆದರೆ ಬೇಗ ನಿಲ್ಲುವುದಿಲ್ಲ. ನಿಜವಾದ ಅಪಾಯ ಇರುವುದು ಕಣ್ಣಿಗೆ ಕಾಣದ ಜಾಗಗಳಲ್ಲಿ: ಮೊಣಕಾಲು, ಮೊಣಕೈ, ಕಣಕಾಲು, ಸೊಂಟದ ಒಳಗಿನ ಸ್ನಾಯು, ಗಂಟಲು, ತಲೆ. ಮೊಣಕಾಲಿನೊಳಗೆ ಮತ್ತೆ ಮತ್ತೆ ರಕ್ತ ತುಂಬಿದರೆ ಮೂಳೆಯ ಮೇಲಿನ ಮೃದು ಪದರ ಸವೆದು ಕಾಲು ಮಡಚಿದಂತೆಯೇ ನಿಂತುಬಿಡುತ್ತದೆ. ಅಂದರೆ ಇಲ್ಲಿ ಅಂಗವೈಕಲ್ಯ ಹುಟ್ಟಿನಿಂದ ಬಂದದ್ದಲ್ಲ. ಹೊತ್ತಿಗೆ ಸರಿಯಾಗಿ ಔಷಧಿ ಸಿಗದ ಒಂದೊಂದು ರಾತ್ರಿಯೂ ಅದನ್ನು ಸ್ವಲ್ಪ ಸ್ವಲ್ಪವೇ ತಂದಿಡುತ್ತದೆ.

1960ರ ದಶಕದ ನಡುವಿನವರೆಗೂ ವೈದ್ಯರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ರಕ್ತ ಮತ್ತು ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ. 1964ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜುಡಿತ್ ಪೂಲ್ ಎಂಬ ವಿಜ್ಞಾನಿ ಒಂದು ವಿಷಯ ಗಮನಿಸಿದರು. ಮಂಜುಗಡ್ಡೆಯಂತೆ ಘನೀಕರಿಸಿದ ಪ್ಲಾಸ್ಮಾವನ್ನು ನಿಧಾನವಾಗಿ ಕರಗಿಸಿದರೆ ತಳದಲ್ಲಿ ಒಂದು ಗಷ್ಟು ಉಳಿಯುತ್ತದೆ, ಫ್ಯಾಕ್ಟರ್ 8 ಹೆಚ್ಚಾಗಿ ಇರುವುದು ಅದರಲ್ಲೇ. ಅದೇ ಕ್ರಯೋಪ್ರೆಸಿಪಿಟೇಟ್. ಆಸ್ಪತ್ರೆಯವರ ಬಾಯಲ್ಲಿ ‘ಕ್ರಯೋ’. ಸಾಮಾನ್ಯ ರಕ್ತನಿಧಿಯಲ್ಲೂ ತಯಾರಿಸಬಹುದಾದ ಔಷಧಿ ಇದಾದ್ದರಿಂದ ಎಷ್ಟೋ ಜೀವ ಉಳಿಯಿತು.

ಇದರ ಲೆಕ್ಕ ಒಂದು ಸಲ ಹಾಕಿ ನೋಡಿ. 30 ಕಿಲೋ ತೂಕದ ಹುಡುಗ, ಹಿಮೋಫಿಲಿಯಾ ಎ, ತಲೆಗೆ ಪೆಟ್ಟು. ಕಿಲೋಗೆ 50 ಯುನಿಟ್‌ನಂತೆ 1500 ಯುನಿಟ್ ಬೇಕು. ಪ್ಲಾಸ್ಮಾದಲ್ಲಿ ಒಂದು ಮಿಲಿಲೀಟರ್‌ಗೆ ಸುಮಾರು ಒಂದು ಯುನಿಟ್ ಇರುತ್ತದೆ, ಅಂದರೆ ಒಂದೂವರೆ ಲೀಟರ್ ಏರಿಸಬೇಕು. ಅಷ್ಟು ಚಿಕ್ಕ ಮೈಗೆ ಅಷ್ಟನ್ನು ಒಟ್ಟಿಗೆ ಏರಿಸಲು ಆಗುವುದಿಲ್ಲ, ಹೃದಯ ತಡೆಯಲ್ಲ. ಕ್ರಯೋ ಆದರೆ ಒಂದು ಚೀಲದಲ್ಲಿ 70ರಿಂದ 80 ಯುನಿಟ್. ಅಲ್ಲಿಗೆ ಸುಮಾರು 20 ಚೀಲ, 20 ಜನ ದಾನಿಗಳ ರಕ್ತ. ರಾತ್ರಿ ಎರಡು ಗಂಟೆಗೆ ಅಷ್ಟನ್ನು ಹೊಂದಿಸಿ, ಕರಗಿಸಿ, ಏರಿಸಬೇಕು. ಅದೇ ಫ್ಯಾಕ್ಟರ್ ಪುಡಿ ಇದ್ದರೆ 500 ಯುನಿಟ್‌ನ ಮೂರು ಚಿಕ್ಕ ಬಾಟಲಿ ಸಾಕು. ಜೊತೆಗೆ ಬರುವ ನೀರನ್ನು ಬೆರೆಸಿ, ಕುಲುಕದೆ ಮೆಲ್ಲಗೆ ತಿರುಗಿಸಿ ಕರಗಿಸಿ, ನರಕ್ಕೆ ನಿಧಾನವಾಗಿ ಕೊಟ್ಟರೆ ಕೆಲವೇ ನಿಮಿಷದ ಕೆಲಸ. ಇನ್ನೊಂದು ವಿಷಯ: ಕ್ರಯೋದಲ್ಲಿ ಫ್ಯಾಕ್ಟರ್ 9 ಇರುವುದೇ ಇಲ್ಲ. ಹಿಮೋಫಿಲಿಯಾ ಬಿ ಇರುವವನಿಗೆ ಅದನ್ನು ಎಷ್ಟು ಏರಿಸಿದರೂ ಉಪಯೋಗವಿಲ್ಲ. ‘ಎ’ನೋ ‘ಬಿ’ನೋ ಅನ್ನುವ ಒಂದು ಅಕ್ಷರದ ಮೇಲೆ ಇಡೀ ಚಿಕಿತ್ಸೆ ನಿಂತಿರುತ್ತದೆ.

ಆ ಪುಡಿ ಬಂದದ್ದು 1960ರ ದಶಕದ ಕೊನೆ, 70ರ ದಶಕದ ಶುರುವಿನಲ್ಲಿ. ಅದರಿಂದ ಶ್ರೀಮಂತ ದೇಶಗಳಲ್ಲಿ ದೊಡ್ಡ ಬದಲಾವಣೆ ಆಯಿತು. ಮನೆಯ ಫ್ರಿಜ್‌ನಲ್ಲೇ ಔಷಧಿ ಇಟ್ಟುಕೊಂಡು ಅಮ್ಮಂದಿರು, ಆಮೇಲೆ ಮಕ್ಕಳೇ, ಇಂಜೆಕ್ಷನ್ ತೆಗೆದುಕೊಳ್ಳಲು ಕಲಿತರು. ಒಳಗೆ ರಕ್ತ ಸೋರಲು ಶುರುವಾದಾಗ ಊತ ಕಾಣುವ ಮೊದಲೇ ಅವರಿಗೆ ಗೊತ್ತಾಗುತ್ತದೆ, ಆ ಜಾಗದಲ್ಲಿ ಒಂಥರಾ ಜುಮುಗುಟ್ಟುವಿಕೆ, ಬಿಗಿತ. ವಿಶ್ವ ಹಿಮೋಫಿಲಿಯಾ ಒಕ್ಕೂಟದ ಮಾರ್ಗಸೂಚಿಗಳೂ ಇದನ್ನು ಒಪ್ಪಿವೆ. ಸಾಧ್ಯವಾದರೆ ಎರಡು ಗಂಟೆಯೊಳಗೆ ಔಷಧಿ ಕೊಡಿ, ಅನುಮಾನ ಇದ್ದರೂ ಕೊಟ್ಟುಬಿಡಿ ಅನ್ನುವುದು ಅವುಗಳ ಸಾರ. ನನ್ನ ಪ್ರಕಾರ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ತಿರುವು ಇದೇ. ರೋಗಿಯ ಮಾತನ್ನೇ ಪುರಾವೆ ಅಂತ ಒಪ್ಪಿಕೊಂಡದ್ದು.

ಆದರೆ ಅದೇ ಪುಡಿ ಒಂದು ಪೀಳಿಗೆಯನ್ನೇ ಬಲಿ ತೆಗೆದುಕೊಂಡಿತು. ಸಾವಿರಾರು ದಾನಿಗಳ ಪ್ಲಾಸ್ಮಾ ಒಟ್ಟಿಗೆ ಸೇರಿಸಿ ಮಾಡುತ್ತಿದ್ದ ಔಷಧಿ ಅದು, ಒಬ್ಬರಲ್ಲಿ ಸೋಂಕಿದ್ದರೂ ಇಡೀ ರಾಶಿಗೆ ಹರಡುತ್ತಿತ್ತು. 1982ರ ಜುಲೈನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಮೂವರು ಹಿಮೋಫಿಲಿಯಾ ರೋಗಿಗಳಿಗೆ ಬಂದ ಒಂದು ವಿಚಿತ್ರ ಕಾಯಿಲೆಯ ಬಗ್ಗೆ ವರದಿ ಮಾಡಿತು, ಆಮೇಲೆ ಅದು ಏಡ್ಸ್ ಅಂತ ತಿಳಿಯಿತು. ಔಷಧಿಯನ್ನು ಬಿಸಿ ಮಾಡಿ ವೈರಸ್ ಕೊಲ್ಲುವ ವಿಧಾನ ಎಲ್ಲ ಕಡೆ ಬರುವ ಹೊತ್ತಿಗೆ ಸಾವಿರಾರು ಜನಕ್ಕೆ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ತಗುಲಿತ್ತು. ಬ್ರಿಟನ್‌ನಲ್ಲಿ ಇದರ ವಿಚಾರಣಾ ವರದಿ ಬಂದದ್ದು 2024ರ ಮೇನಲ್ಲಿ. ಇದು ಆಕಸ್ಮಿಕವಲ್ಲ, ಬಹುಪಾಲು ತಪ್ಪಿಸಬಹುದಾಗಿತ್ತು ಅಂತ ಅದು ಹೇಳಿತು. ನಲವತ್ತು ವರ್ಷ ಬೇಕಾಯಿತು ಅಷ್ಟು ಹೇಳೋಕೆ. 1992ರಿಂದ ದಾನಿಗಳ ರಕ್ತದ ಹಂಗಿಲ್ಲದೆ ಜೀವಕೋಶಗಳಿಂದ ತಯಾರಿಸುವ ಫ್ಯಾಕ್ಟರ್ ಮಾರುಕಟ್ಟೆಗೆ ಬಂತು.

ನಮ್ಮಲ್ಲಿ ಕಥೆ ಬೇರೆ. ಇಲ್ಲಿ ಬಹಳ ಕಾಲ ಫ್ಯಾಕ್ಟರೇ ಇರಲಿಲ್ಲ. 1983ರಲ್ಲಿ ದೆಹಲಿಯಲ್ಲಿ ಅಶೋಕ್ ಬಹಾದೂರ್ ವರ್ಮಾ ಹಿಮೋಫಿಲಿಯಾ ಫೆಡರೇಷನ್ ಕಟ್ಟಿದರು, ಅವರಿಗೂ ಈ ಕಾಯಿಲೆ ಇತ್ತು. ಕರ್ನಾಟಕದಲ್ಲಿ ಈ ಕೆಲಸದ ಕೇಂದ್ರ ಬೆಂಗಳೂರಲ್ಲ, ದಾವಣಗೆರೆ. ಜೆಜೆಎಂ ಮೆಡಿಕಲ್ ಕಾಲೇಜಿನ ಪೆಥಾಲಜಿ ಪ್ರಾಧ್ಯಾಪಕ ಡಾ. ಸುರೇಶ್ ಹನಗವಾಡಿ ಅಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದರು. ಅವರಿಗೂ ಹಿಮೋಫಿಲಿಯಾ ಇದೆ. ದೆಹಲಿಯಲ್ಲೂ ದಾವಣಗೆರೆಯಲ್ಲೂ ಮೊದಲು ಕೈ ಹಾಕಿದವರು ನೋವು ಅನುಭವಿಸಿದವರೇ ಅನ್ನುವುದನ್ನು ಗಮನಿಸಿ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಡಾ. ಅಲೋಕ್ ಶ್ರೀವಾಸ್ತವ ಮತ್ತು ಅವರ ಜೊತೆಗಾರರು ಕಡಿಮೆ ಪ್ರಮಾಣದ ಫ್ಯಾಕ್ಟರ್‌ನಲ್ಲೇ ಹೇಗೆ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಮಾಡಬಹುದು ಅಂತ ತೋರಿಸಿದರು. ಬಡ ದೇಶಗಳಿಗೆ ಅದು ದೊಡ್ಡ ದಾರಿ.

ಕಾನೂನು ನಿಧಾನವಾಗಿ ಬಂತು. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಕೂಲಿ ಕಾರ್ಮಿಕನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ‘ಹಾಸಿಗೆ ಇಲ್ಲ’ ಅಂತ ವಾಪಸ್ ಕಳಿಸಿತು. ಆ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದಿತು. ಅಂಗವಿಕಲರಿಗಾಗಿ 1995ರಲ್ಲಿ ಬಂದ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು, ಹಿಮೋಫಿಲಿಯಾ ಇರಲಿಲ್ಲ. 2016ರ ಹೊಸ ಕಾಯ್ದೆಯಲ್ಲಿ ಆ ಪಟ್ಟಿ 21ಕ್ಕೆ ಏರಿತು. ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್, ಈ ಮೂರೂ ರಕ್ತದ ಕಾಯಿಲೆಗಳು ಒಳಗೆ ಬಂದವು. ಇವರಿಗೆ ಸರ್ಕಾರಿ ಕೆಲಸದ ಮೀಸಲಾತಿ ಸಿಗಲಿಲ್ಲ, ಅದು ಬೇರೆ ನೋವು. ಆದರೆ ಆ ಕಾಯ್ದೆಯ 25ನೇ ಸೆಕ್ಷನ್ ಓದಿ: ಅಂಗವಿಕಲರಿಗೆ ಆಸ್ಪತ್ರೆಯಲ್ಲಿ ಆದ್ಯತೆಯ ಮೇಲೆ ಚಿಕಿತ್ಸೆ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು. ಕ್ಯಾಶುವಾಲ್ಟಿಯ ಗೋಡೆ ಮೇಲೆ ಈ ಸಾಲನ್ನು ನಾನಂತೂ ಎಲ್ಲೂ ನೋಡಿಲ್ಲ.

2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಶುರುವಾಯಿತು. ಹಳ್ಳಿಗಳಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ಬೇರೆ ಹೇಳಬೇಕಿಲ್ಲ. ಆದರೆ ಆಂಬುಲೆನ್ಸ್ ಸಾಮಾನ್ಯವಾಗಿ ಹತ್ತಿರದ ಆಸ್ಪತ್ರೆಗೆ ಹೋಗುತ್ತದೆ. ಹೃದಯಾಘಾತಕ್ಕೆ, ಅಪಘಾತಕ್ಕೆ, ಹೆರಿಗೆಗೆ ಅದು ಸರಿ. ಫ್ಯಾಕ್ಟರ್ ಇಲ್ಲದ ತಾಲ್ಲೂಕು ಆಸ್ಪತ್ರೆಗೆ ಹಿಮೋಫಿಲಿಯಾ ರೋಗಿಯನ್ನು ಇಳಿಸಿದರೆ, ಅಲ್ಲಿಂದ ಮತ್ತೆ ಜಿಲ್ಲೆಗೆ ಕಳಿಸುತ್ತಾರೆ, ಆ ಎರಡು ಗಂಟೆ ದಾರಿಯಲ್ಲೇ ಮುಗಿದುಹೋಗುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಈಗ ಸರ್ಕಾರದಿಂದಲೇ ಉಚಿತವಾಗಿ ಫ್ಯಾಕ್ಟರ್ ಸಿಗುತ್ತದೆ. ಅದು ನಿಜಕ್ಕೂ ದೊಡ್ಡ ಗೆಲುವು. ಆದರೆ ಸ್ಟಾಕ್ ಖಾಲಿಯಾಗುವುದೂ ಉಂಟು, ಫ್ರಿಜ್‌ನ ಬೀಗದ ಕೈ ಹಗಲಿನ ಫಾರ್ಮಸಿಸ್ಟ್ ಜೊತೆ ಮನೆಗೆ ಹೋಗುವುದೂ ಉಂಟು.

ನನ್ನ ಅಕ್ಕನ ಮಗನಿಗೆ ಹಿಮೋಫಿಲಿಯಾ ಎ ಇದೆ. ಒಂದು ರಾತ್ರಿ ಅವನಿಗೆ ಬಲಗಡೆ ಹೊಟ್ಟೆಯ ಕೆಳಗೆ ನೋವು, ತೊಡೆ ಚಾಚಲು ಆಗುತ್ತಿರಲಿಲ್ಲ. ಸೊಂಟದ ಒಳಸ್ನಾಯುವಿನಲ್ಲಿ ರಕ್ತ ತುಂಬಿದಾಗ ಹೀಗೇ ಆಗುತ್ತದೆ, ಅಪೆಂಡಿಸೈಟಿಸ್‌ನಂತೆಯೇ ಕಾಣುತ್ತದೆ. ಅಕ್ಕ ಐಸ್ ಬಾಕ್ಸಿನಲ್ಲಿ ಫ್ಯಾಕ್ಟರ್ ಇಟ್ಟುಕೊಂಡೇ ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಹೋದಳು. ಡ್ಯೂಟಿ ಡಾಕ್ಟರ್ ನೋವಿನ ಇಂಜೆಕ್ಷನ್ ಬರೆದರು, ಸೊಂಟಕ್ಕೆ. ‘ಡಾಕ್ಟ್ರೇ, ಸೊಂಟಕ್ಕೆ ಬೇಡ, ಮಾಂಸಖಂಡದಲ್ಲಿ ಮತ್ತೆ ಬ್ಲೀಡ್ ಆಗುತ್ತೆ. ಫ್ಯಾಕ್ಟರ್ ತಂದಿದೀನಿ, ನರಕ್ಕೆ ಹಾಕಿಬಿಡಿ’ ಅಂದಳು ಅಕ್ಕ. ‘ನೀವೇ ಡಾಕ್ಟರಾ? ಹೊರಗಿಂದ ತಂದ ಔಷಧಿ ನಾವು ಹಾಕಲ್ಲ’ ಅಂದರು ಅವರು. ಅಕ್ಕ ಅಳಲಿಲ್ಲ, ಜಗಳ ಆಡಲಿಲ್ಲ. ಫೈಲ್ ತೆಗೆದು, ಹೆಮಟಾಲಜಿ (ರಕ್ತರೋಗ) ಡಾಕ್ಟರಿಗೆ ಫೋನ್ ಹಚ್ಚಿ ಆ ಡಾಕ್ಟರ ಕೈಗೆ ಕೊಟ್ಟಳು. ಆಮೇಲಷ್ಟೇ ಫ್ಯಾಕ್ಟರ್ ಹೋಯಿತು. ಫೋನ್ ಎತ್ತುವ ಡಾಕ್ಟರ್ ಇಲ್ಲದ ಅಮ್ಮಂದಿರು ಏನು ಮಾಡುತ್ತಾರೆ?

ಆ ಡ್ಯೂಟಿ ಡಾಕ್ಟರನ್ನು ಒಬ್ಬರನ್ನೇ ಬೈಯುವುದು ನನಗೆ ಬೇಕಿಲ್ಲ. ಎಂಬಿಬಿಎಸ್ ಓದುವಾಗ ಹಿಮೋಫಿಲಿಯಾ ಒಂದು ಪ್ರಶ್ನೆ ಅಷ್ಟೇ, ಎಷ್ಟೋ ಜನ ಒಬ್ಬ ರೋಗಿಯನ್ನೂ ನೋಡಿರುವುದಿಲ್ಲ. ಹೊರಗಿನ ಔಷಧಿ ಹಾಕಿ ಏನಾದರೂ ಆದರೆ ಹೊಣೆ ಯಾರದ್ದು ಅನ್ನುವ ಭಯವೂ ಇರುತ್ತದೆ. ಅದಕ್ಕೆ ಬೇಕಿರುವುದು ಲಿಖಿತ ನಿಯಮ. ರೋಗಿ ತಂದ ಸೀಲ್ ಇರುವ ಫ್ಯಾಕ್ಟರನ್ನು ಅವಧಿ ಮುಗಿದಿಲ್ಲ ಅಂತ ನೋಡಿಕೊಂಡು ಹಾಕಬಹುದು ಅಂತ ಸರ್ಕಾರ ಒಂದು ಸುತ್ತೋಲೆಯಲ್ಲಿ ಹೇಳಿದರೆ ಅರ್ಧ ಜಗಳ ಮುಗಿಯುತ್ತದೆ. 108ರ ಕಾಲ್ ಸೆಂಟರ್‌ನವರ ಕೈಯಲ್ಲಿ ಯಾವ ಆಸ್ಪತ್ರೆಯಲ್ಲಿ ಫ್ಯಾಕ್ಟರ್ ಇದೆ ಅನ್ನುವ ಪಟ್ಟಿ ಇದ್ದರೆ ಉಳಿದರ್ಧ.

ಸಿಕಲ್ ಸೆಲ್ ಇರುವವರ ಕಷ್ಟವೂ ಇದಕ್ಕೆ ಹತ್ತಿರದ್ದೇ. ಎಚ್.ಡಿ. ಕೋಟೆ, ಚಾಮರಾಜನಗರ ಕಡೆಯ ಆದಿವಾಸಿ ಹಾಡಿಗಳಿಂದ ಮೈಯೆಲ್ಲ ನೋವು ಅಂತ ಬರುವ ಹುಡುಗರ ಮೈಮೇಲೆ ಗಾಯವೂ ಇರುವುದಿಲ್ಲ, ಊತವೂ ಇರುವುದಿಲ್ಲ, ಅವರ ಮಾತನ್ನು ನಂಬುವುದೊಂದೇ ದಾರಿ. 2023ರಲ್ಲಿ ಸಿಕಲ್ ಸೆಲ್‌ಗೆ ರಾಷ್ಟ್ರೀಯ ಕಾರ್ಯಕ್ರಮ ಬಂದಿದೆ, ತಪಾಸಣೆ ನಡೆಯುತ್ತಿದೆ. ಆ ತಪಾಸಣೆಯ ಕಾರ್ಡನ್ನು ನೋಡಿದ ಕೂಡಲೇ ಕ್ಯಾಶುವಾಲ್ಟಿಯಲ್ಲಿ ನೋವಿಗೆ ಔಷಧಿ ಶುರುವಾಗಬೇಕು.

ಹಿಮೋಫಿಲಿಯಾದಲ್ಲಿ ಕಾರ್ಡಿನ ವಿಷಯ ಈಗ ಇನ್ನೂ ಮುಖ್ಯವಾಗಿದೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಮಿಸಿಜುಮ್ಯಾಬ್ ಎಂಬ ಔಷಧಿ ಇಲ್ಲೂ ಬಳಕೆಗೆ ಬಂದಿದೆ. ಚರ್ಮದ ಕೆಳಗೆ, ವಾರಕ್ಕೊಮ್ಮೆ ಇಲ್ಲವೇ ಇನ್ನೂ ಅಪರೂಪಕ್ಕೆ ತೆಗೆದುಕೊಂಡರೆ ರಕ್ತಸ್ರಾವ ತುಂಬಾ ಕಡಿಮೆಯಾಗುತ್ತದೆ. ಎಷ್ಟೋ ಮಕ್ಕಳು ಈಗ ಶಾಲೆ ತಪ್ಪಿಸುತ್ತಿಲ್ಲ. ಆದರೆ ಈ ಔಷಧಿ ಮೈಯಲ್ಲಿದ್ದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಎಪಿಟಿಟಿ ಎಂಬ ಮಾಮೂಲಿ ರಕ್ತಪರೀಕ್ಷೆ ನಾರ್ಮಲ್ ಅಂತಲೇ ತೋರಿಸುತ್ತದೆ. ವಿಷಯ ಗೊತ್ತಿಲ್ಲದ ಡಾಕ್ಟರ್ ‘ರಿಪೋರ್ಟ್ ಚೆನ್ನಾಗಿದೆ’ ಅಂತ ಮನೆಗೆ ಕಳಿಸಿಬಿಡಬಹುದು. ಇನ್ನು ಫ್ಯಾಕ್ಟರ್ 8ಕ್ಕೇ ಪ್ರತಿರೋಧ ಬೆಳೆದ ರೋಗಿಗಳಿಗೆ, ಅಂದರೆ ಇನ್‌ಹಿಬಿಟರ್ ಇರುವವರಿಗೆ, ಫೀಬಾ ಅನ್ನುವ ಬದಲಿ ಔಷಧಿ ಕೊಡುವುದುಂಟು. ಎಮಿಸಿಜುಮ್ಯಾಬ್ ಜೊತೆ ಅದನ್ನು ಜಾಸ್ತಿ ಕೊಟ್ಟರೆ ರಕ್ತನಾಳಗಳಲ್ಲೇ ಹೆಪ್ಪುಗಟ್ಟಿ ಅಪಾಯ ಆಗುತ್ತದೆ.

ಹಾಗಾಗಿ ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಒಂದು ಗಟ್ಟಿ ಕಾಗದದಲ್ಲಿ ಇಷ್ಟನ್ನು ಬರೆದು ಲ್ಯಾಮಿನೇಷನ್ ಮಾಡಿಸಿ: ಎ ಅಥವಾ ಬಿ, ತೀವ್ರತೆ ಎಷ್ಟು, ಇನ್‌ಹಿಬಿಟರ್ ಇದೆಯೋ ಇಲ್ಲವೋ, ಈಗಿನ ತೂಕ, ತಲೆಗೆ ಪೆಟ್ಟಾದರೆ ಕೊಡಬೇಕಾದ ಯುನಿಟ್, ಎಮಿಸಿಜುಮ್ಯಾಬ್ ತೆಗೆದುಕೊಳ್ಳುತ್ತಿದ್ದರೆ ಕೊನೆಯ ಡೋಸ್‌ನ ತಾರೀಖು, ಚಿಕಿತ್ಸೆ ಕೊಡುವ ಡಾಕ್ಟರ ನಂಬರ್. ಆಸ್ಪಿರಿನ್, ಡೈಕ್ಲೋಫೆನಾಕ್ ಬೇಡ, ಸೊಂಟಕ್ಕೆ ಇಂಜೆಕ್ಷನ್ ಬೇಡ ಅಂತ ಕೆಂಪಕ್ಷರದಲ್ಲಿ ಬರೆಸಿ. ಎರಡು ಪ್ರತಿ ಮಾಡಿಸಿ, ಒಂದು ಮಗುವಿನ ಶಾಲೆ ಬ್ಯಾಗಿನಲ್ಲಿರಲಿ. ಮಗು ಬೆಳೆದಂತೆ ತೂಕ ಬದಲಾಗುತ್ತದೆ, ಯುನಿಟ್ ಲೆಕ್ಕವೂ ಬದಲಾಗುತ್ತದೆ. ಪ್ರತಿ ಸಲ ಚೆಕಪ್‌ಗೆ ಹೋದಾಗ ಆ ಕಾರ್ಡನ್ನೂ ಡಾಕ್ಟರ ಮುಂದೆ ಇಟ್ಟು ತಿದ್ದಿಸಿಕೊಂಡು ಬನ್ನಿ.